ಅಂಗಳದ ಮೀನುಕೊಳಕ್ಕೆ ದೀಪ: ಕರಾವಳಿಯ ಮನೆಗಳಿಗೊಂದು ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯ ಹೊಸ ಮನೆಗಳ ಅಂಗಳದಲ್ಲಿ ಸಣ್ಣದೊಂದು ಮೀನುಕೊಳ ಕಾಣಸಿಗುವುದು ಈಗ ಅಪರೂಪವೇನಲ್ಲ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕಟ್ಟೆ, ಮೂಲೆಯಲ್ಲೊಂದು ನೈದಿಲೆಯ ಚಟ್ಟಿ, ಎಂಟು ಹತ್ತು ಕೋಯಿ ಅಥವಾ ಗೋಲ್ಡ್‌ಫಿಶ್, ನೀರು ತಿರುಗಿಸಲು ಒಂದು ಪಂಪು. ಹಗಲಿಡೀ ಹೊರಗೆ ದುಡಿಯುವ ಮನೆಯವರಿಗೆ ಅದರ ಮುಂದೆ ಕುಳಿತುಕೊಳ್ಳಲು ಸಮಯ ಸಿಗುವುದು ಮಾತ್ರ ಸಂಜೆ ಏಳರ ಮೇಲೆ, ಅಂದರೆ ಮೀನು ಕಾಣದಷ್ಟು ಕತ್ತಲಾದ ಮೇಲೆ. ಆಗ ದೀಪದ ಯೋಚನೆ ಬರುತ್ತದೆ, ಅಂಗಡಿಗೆ ಹೋಗುತ್ತೇವೆ, ಬಣ್ಣ ಬದಲಾಯಿಸುವ ನಾಲ್ಕು ದೀಪಗಳನ್ನು ತಂದು ನೀರಿನೊಳಗೆ ಇಳಿಬಿಡುತ್ತೇವೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳಲ್ಲಿ ಎರಡು ಕೆಟ್ಟಿರುತ್ತವೆ, ಉಳಿದೆರಡರ ಮೇಲೆ ಪಾಚಿ ಕಟ್ಟಿರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕೊಳಕ್ಕೆ ಬೇಕಾದ ಬೆಳಕಿನ ಹೆಚ್ಚಿನ ಪಾಲು ನೀರಿನ ಹೊರಗೆ, ದಂಡೆಯ ಮೇಲೆ ಇರಬೇಕು. ಕಾರ್ತಿಕದಲ್ಲಿ ಉಡುಪಿಯ ಲಕ್ಷದೀಪೋತ್ಸವದಂದು ಮಧ್ವಸರೋವರದ ಮೆಟ್ಟಿಲುಗಳ ಮೇಲೆ ಹಣತೆ ಹಚ್ಚಿಟ್ಟಾಗ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ನೀರಿನೊಳಗೆ ಒಂದೂ ದೀಪವಿರುವುದಿಲ್ಲ. ನೀರು ಕಪ್ಪಗಿರುವುದರಿಂದಲೇ ದಂಡೆಯ ಒಂದೊಂದು ಹಣತೆಯೂ ಎರಡೆರಡಾಗಿ ಕಾಣುತ್ತದೆ. ಇದಕ್ಕೆ ಕಾರಣ ಸರಳ. ನೆಟ್ಟಗೆ ಕೆಳಗೆ ಬಗ್ಗಿ ನೋಡುವವನಿಗೆ ನೀರು ಗಾಜಿನಂತೆ ಪಾರದರ್ಶಕವಾಗಿರುತ್ತದೆ, ದೂರದಲ್ಲಿ ಕುಳಿತು ಓರೆಯಾಗಿ ನೋಡುವವನಿಗೆ ಅದೇ ನೀರು ಬಹುಮಟ್ಟಿಗೆ ಕನ್ನಡಿಯಾಗುತ್ತದೆ. ಜಗಲಿಯಲ್ಲಿ ಕುಳಿತು ನೋಡುವ ಮನೆಯವರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಆ ಕನ್ನಡಿಯೇ. ಆದ್ದರಿಂದ ಕೊಳದ ಆಚೆ ಬದಿಯ ಕಲ್ಲು, ಕೆಸುವಿನ ಎಲೆ, ಬಾಳೆಯ ಬುಡ ಇವುಗಳಿಗೆ ಬೆಳಕು ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಮೀನು ಕಾಣಲೇಬೇಕೆಂದಿದ್ದರೆ ಮಾತ್ರ ನೀರಿನೊಳಗೆ ಒಂದು, ಹೆಚ್ಚೆಂದರೆ ಎರಡು ದೀಪ.

ಖರೀದಿಗೆ ಮೊದಲು ಒಂದು ರಾತ್ರಿ

ಅಂಗಡಿಗೆ ಹೋಗುವ ಮೊದಲು ಒಂದು ಸಂಜೆಯನ್ನು ಟಾರ್ಚಿನೊಂದಿಗೆ ಕಳೆಯಿರಿ. ಮನೆಯವರೊಬ್ಬರು ಎಂದಿನಂತೆ ಜಗಲಿಯಲ್ಲಿ ಕುಳಿತಿರಲಿ, ನೀವು ಟಾರ್ಚ್ ಹಿಡಿದು ಕೊಳದ ಸುತ್ತ ನಡೆಯಿರಿ. ಆಚೆ ದಂಡೆಯ ಕಲ್ಲಿನ ಮೇಲೆ, ಗಿಡದ ಬುಡದಿಂದ ಮೇಲಕ್ಕೆ, ನೀರಿನ ಮೇಲೆ ಓರೆಯಾಗಿ, ಹೀಗೆ ಬೇರೆ ಬೇರೆ ಕಡೆಯಿಂದ ಬೆಳಕು ಬಿಟ್ಟು, ಯಾವುದು ಚೆಂದ, ಯಾವುದು ಕಣ್ಣಿಗೆ ಚುಚ್ಚುತ್ತದೆ ಎಂದು ಕುಳಿತವರು ಹೇಳಲಿ. ಯಾವ ಸ್ಥಳದಲ್ಲಿಟ್ಟರೂ ದೀಪದ ಮುಖ ಕುಳಿತವರ ಕಡೆಗೆ ತಿರುಗಿರಬಾರದು ಎಂಬುದು ಹತ್ತು ನಿಮಿಷದಲ್ಲಿ ಇಬ್ಬರಿಗೂ ಗೊತ್ತಾಗುತ್ತದೆ. ನೀರಿನೊಳಗಿನ ದೀಪಕ್ಕೂ ಇದೇ ನಿಯಮ: ಅದು ನೋಡುವವರ ಬದಿಯ ಗೋಡೆಯ ಹತ್ತಿರ ಕುಳಿತು, ಅವರಿಗೆ ಬೆನ್ನು ಹಾಕಿ, ಎದುರಿನ ಗೋಡೆಯತ್ತ ಬೆಳಕು ಚೆಲ್ಲಬೇಕು.

ಈ ನಡಿಗೆಯಲ್ಲೇ ಇನ್ನೂ ಕೆಲವನ್ನು ಗುರುತು ಹಾಕಿಕೊಳ್ಳಿ. ತೆಂಗಿನ ಮರದ ನೇರ ಕೆಳಗೆ ಯಾವ ದೀಪವನ್ನೂ ಇಡಬೇಡಿ. ಕಾಯಿ ಬೀಳದಿದ್ದರೂ ಮಡಲು ಬಿದ್ದೇ ಬೀಳುತ್ತದೆ. ಮಳೆಗಾಲದಲ್ಲಿ ಅಂಗಳದ ನೀರು ಹರಿಯುವ ದಾರಿಯನ್ನೂ, ಮೀನುಗಳು ಅಡಗುವ ಮೂಲೆಯನ್ನೂ ಬಿಟ್ಟುಬಿಡಿ. ಕೋಯಿಗೂ ಗೋಲ್ಡ್‌ಫಿಶ್‌ಗೂ ಕಣ್ಣಿನ ರೆಪ್ಪೆ ಇಲ್ಲ, ಬೆಳಕು ಬೇಡವೆನಿಸಿದರೆ ಅವುಗಳಿಗಿರುವ ಒಂದೇ ಉಪಾಯ ನೆರಳಿಗೆ ಸರಿಯುವುದು. ಕೊಳದ ಅರ್ಧ ಭಾಗವಾದರೂ ಕತ್ತಲಾಗಿ ಉಳಿಯಬೇಕು.

ದೀಪದ ಆಯ್ಕೆ

ಎಲ್‌ಇಡಿ ಬಿಟ್ಟು ಬೇರೆಯದನ್ನು ಈಗ ಯೋಚಿಸಬೇಕಾಗಿಲ್ಲ. ಆರು ಅಡಿಗೆ ಎಂಟು ಅಡಿಯ ಕೊಳಕ್ಕೆ ದಂಡೆಯಲ್ಲಿ ಮೂರರಿಂದ ಐದು ವ್ಯಾಟಿನ ಎರಡು ದೀಪ, ನೀರಿನೊಳಗೆ ಮೂರು ವ್ಯಾಟಿನದೊಂದು ಸಾಕು. ಸುತ್ತಲೂ ಕತ್ತಲಿದ್ದರೆ ಇಷ್ಟೇ ಧಾರಾಳವೆನಿಸುತ್ತದೆ, ಬೀದಿದೀಪ ನೇರವಾಗಿ ಬೀಳುವ ಅಂಗಳವಾದರೆ ಎಷ್ಟು ವ್ಯಾಟ್ ಸುರಿದರೂ ಕೊಳ ಎದ್ದು ಕಾಣದು.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. 2700ರಿಂದ 3000 ಕೆಲ್ವಿನ್ ಎಂದು ಡಬ್ಬಿಯ ಮೇಲೆ ಬರೆದಿರುವ, ಹಳದಿ ಛಾಯೆಯ ವಾರ್ಮ್ ವೈಟ್ ದೀಪವನ್ನೇ ಕೇಳಿ ತೆಗೆದುಕೊಳ್ಳಿ. ಮುರಕಲ್ಲಿನ ಕೆಂಪು, ಕೋಯಿಯ ಕಿತ್ತಳೆ ಎರಡೂ ಆ ಬೆಳಕಿನಲ್ಲಿ ಜೀವ ತುಂಬಿಕೊಳ್ಳುತ್ತವೆ. 6500 ಕೆಲ್ವಿನ್‌ನ ಬಿಳಿ ದೀಪದಲ್ಲಿ ಅದೇ ಕಲ್ಲು ಬೂದಿ ಮೆತ್ತಿದಂತೆ ಕಾಣುತ್ತದೆ. ಇನ್ನೊಂದು ಕಾರಣ ಹುಳಗಳದ್ದು. ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕಿಗೆ ಹುಳ ಹೆಚ್ಚು ಮುತ್ತುತ್ತದೆ, ಹಳದಿಗೆ ಕಡಿಮೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ದೀಪಕ್ಕೆ ಹೇಗೆ ಮುಗಿಬೀಳುತ್ತದೆ ಎಂಬುದು ಇಲ್ಲಿಯವರಿಗೆ ಗೊತ್ತಿದ್ದದ್ದೇ. ಮೀನಿಗೆ ಅಂದು ಹಬ್ಬದೂಟವಾದರೂ, ತಿಂದು ಉಳಿದ ರಾಶಿ ನೀರಿನಲ್ಲಿ ಕೊಳೆಯುತ್ತದೆ. ಮೇಲಾಗಿ ದೀಪಕ್ಕೆ ಹುಳ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಈ ಸಾಲು ನಿಮ್ಮ ಜಗಲಿಯ ಬುಡದ ತನಕ ಬರಬಾರದೆಂದಿದ್ದರೆ ದೀಪ ಮಂದವಾಗಿಯೇ ಇರಲಿ.

ಮುಂದಿನದು ಐಪಿ ಸಂಖ್ಯೆ, ಅಂದರೆ ದೂಳೂ ನೀರೂ ಒಳಹೋಗದಂತೆ ದೀಪ ಎಷ್ಟು ತಡೆಯುತ್ತದೆ ಎಂಬುದರ ಗುರುತು. ಅಂಗಡಿಯವರು ‘ವಾಟರ್‌ಪ್ರೂಫ್’ ಎಂದರೆ ಅಲ್ಲಿಗೇ ನಿಲ್ಲಿಸದೆ ದೀಪದ ಮೈಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಓದಿ. ಐಪಿ 65 ಎಂದರೆ ಮಳೆಯನ್ನೂ ಪೈಪಿನಿಂದ ಎರಚುವ ನೀರನ್ನೂ ತಾಳುತ್ತದೆ, ಮುಳುಗುವುದನ್ನಲ್ಲ. ಐಪಿ 67 ಒಂದು ಮೀಟರ್ ಆಳದಲ್ಲಿ ಅರ್ಧ ತಾಸು ಮುಳುಗಿದರೆ ತಾಳುತ್ತದೆ. ಸದಾ ನೀರಿನಲ್ಲಿರುವುದಕ್ಕೆ ಐಪಿ 68 ಬೇಕು, ಮತ್ತು ಎಷ್ಟು ಆಳಕ್ಕೆ ಎಂಬುದನ್ನು ತಯಾರಕರು ಬರೆದಿರಬೇಕು, ಏಕೆಂದರೆ ಆ ಆಳವನ್ನು ನಿರ್ಧರಿಸುವವರು ಅವರೇ. ದಂಡೆಯ ದೀಪಕ್ಕೆ ಐಪಿ 65 ಸಾಕಾದೀತು. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ, ನೀರು ನಿಲ್ಲುವ ತಗ್ಗಿನಲ್ಲಿ ನೆಡುವ ದೀಪಕ್ಕೆ ಐಪಿ 67 ಇರಲಿ ಎನ್ನುತ್ತೇನೆ.

ಈ ಸಂಖ್ಯೆ ಹೇಳದೆ ಬಿಡುವ ಒಂದು ಸಂಗತಿಯಿದೆ: ತುಕ್ಕು. ಐಪಿ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಲೋಹ ಹಾಳಾಗುತ್ತದೆಯೇ ಎಂಬುದನ್ನು ಅದು ನೋಡುವುದೇ ಇಲ್ಲ. ಮಲ್ಪೆ, ಪಣಂಬೂರು, ಸುರತ್ಕಲ್‌ನಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲಿನ ಮೇಲೂ ಕೆಂಪು ಚುಕ್ಕಿ ಏಳುತ್ತದೆ. 316 ದರ್ಜೆಯದು ಎಷ್ಟೋ ಮೇಲು, ಬೆಲೆಯೂ ಅದಕ್ಕೆ ತಕ್ಕಂತೆ. ಹಿತ್ತಾಳೆ ತುಕ್ಕು ಹಿಡಿಯುವುದಿಲ್ಲವಲ್ಲ ಎಂದು ಕೆಲವರು ಹಿತ್ತಾಳೆಯ ದೀಪವನ್ನು ನೀರಿಗಿಳಿಸುತ್ತಾರೆ. ಹಿತ್ತಾಳೆಯಲ್ಲಿರುವುದು ತಾಮ್ರ ಮತ್ತು ಸತು, ಎರಡೂ ಮೀನಿಗೆ ವಿಷವೇ. ನಮ್ಮ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೃದುವಾಗಿ, ತುಸು ಆಮ್ಲೀಯವಾಗಿರುವುದರಿಂದ ಆ ಲೋಹಗಳು ಅದರಲ್ಲಿ ಕರಗುವುದೂ ಹೆಚ್ಚು, ಕರಗಿದ ಮೇಲೆ ಮೀನನ್ನು ಕಾಡುವುದೂ ಹೆಚ್ಚು. ನೀರು ಕಡಿಮೆಯಿರುವ ಸಣ್ಣ ಕೊಳದಲ್ಲಿ ಈ ಅಪಾಯಕ್ಕೆ ಕೈ ಹಾಕಬೇಡಿ. ನೀರಿನೊಳಗಿನ ದೀಪದ ಕವಚ ಗಟ್ಟಿ ಪ್ಲಾಸ್ಟಿಕ್ಕಿನದೋ 316 ಸ್ಟೀಲಿನದೋ ಇರಲಿ, ಹಿತ್ತಾಳೆಯ ಚೆಂದವನ್ನು ದಂಡೆಗೆ ಇಟ್ಟುಕೊಳ್ಳಿ.

ಸೋಲಾರ್ ದೀಪದ ಬಗ್ಗೆ ಹಲವರು ಕೇಳುತ್ತಾರೆ. ವಯರು ಎಳೆಯುವ ತಾಪತ್ರಯವಿಲ್ಲ, ಶಾಕಿನ ಭಯವಿಲ್ಲ, ನವೆಂಬರಿನಿಂದ ಮೇ ತನಕ ಚೆನ್ನಾಗಿಯೇ ಉರಿಯುತ್ತವೆ. ಮಳೆ ಬಿಡದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಾತ್ರ ಅವುಗಳಿಂದ ಏನನ್ನೂ ನಿರೀಕ್ಷಿಸಬೇಡಿ.

ಕರೆಂಟು: 12 ವೋಲ್ಟ್ ಮೀರಬಾರದು

ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದನ್ನು ನೇರವಾಗಿ ನೀರಿನೊಳಗಿನ ದೀಪಕ್ಕೆ ಕೊಡುವಂತಿಲ್ಲ; ಮಕ್ಕಳು ಕೈಯಾಡಿಸುವ ಕೊಳಕ್ಕೆ 12 ವೋಲ್ಟಿನ ದೀಪವೊಂದೇ ಸರಿ. ದೀಪದ ಮೇಲೆ ವಜ್ರಾಕಾರದ ಚೌಕದೊಳಗೆ ಮೂರು ಉದ್ದ ಗೆರೆಗಳಿದ್ದರೆ ಅದು ಇಂಥ ಕಡಿಮೆ ವೋಲ್ಟೇಜಿನಲ್ಲಿ ಮಾತ್ರ ಬಳಸಬೇಕಾದದ್ದು ಎಂದರ್ಥ. 230ನ್ನು 12ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಅಥವಾ ಡ್ರೈವರ್, ಒಳಬರುವ ಮತ್ತು ಹೊರಹೋಗುವ ವಿದ್ಯುತ್ತನ್ನು ಪೂರ್ತಿ ಬೇರ್ಪಡಿಸುವ ಐಸೋಲೇಟೆಡ್ ಜಾತಿಯದೇ ಆಗಿರಬೇಕು. ದೀಪ ಡಿಸಿಯೋ ಎಸಿಯೋ ನೋಡಿ ಅದಕ್ಕೆ ಹೊಂದುವುದನ್ನೇ ಕೊಳ್ಳಿ. ಹಳೆಯ ಹ್ಯಾಲೊಜನ್ ದೀಪದ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಮನೆಯಲ್ಲಿದೆಯೆಂದು ಅದಕ್ಕೇ ಎಲ್‌ಇಡಿ ಜೋಡಿಸಿದರೆ, ಅದು ಬಯಸುವ ಕನಿಷ್ಠ ಲೋಡು ಸಿಗದೆ ದೀಪ ಮಿಣುಕುತ್ತದೆ. ಟ್ರಾನ್ಸ್‌ಫಾರ್ಮರ್ ಎಲ್ಲ ದೀಪಗಳ ಒಟ್ಟು ವ್ಯಾಟಿಗಿಂತ ಕಾಲು ಭಾಗವಾದರೂ ಹೆಚ್ಚು ಸಾಮರ್ಥ್ಯದ್ದಿರಲಿ.

ಈ ಟ್ರಾನ್ಸ್‌ಫಾರ್ಮರನ್ನೂ 230 ವೋಲ್ಟಿನ ಪ್ಲಗ್ಗನ್ನೂ ಕೊಳದಿಂದ ಮೂರೂವರೆ ಮೀಟರಿಗಿಂತ ದೂರದಲ್ಲಿ, ಮಳೆ ಹೊಡೆಯದ ಗೋಡೆಯಲ್ಲಿ, ನೆಲದಿಂದ ಎರಡು ಅಡಿಯಾದರೂ ಎತ್ತರದಲ್ಲಿ ಕೂರಿಸಿ. ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ಲೈನನ್ನು ಕಡಿದುಹಾಕುವ ಸ್ವಿಚ್ಚು, ಇರಲೇಬೇಕು. ದೀಪ 12 ವೋಲ್ಟಿನದಾದರೂ ಕೊಳದ ಪಂಪು ಹೆಚ್ಚಿನ ಮನೆಗಳಲ್ಲಿ 230 ವೋಲ್ಟಿನದೇ ಆಗಿರುತ್ತದೆ, ಅದರ ಸೀಲು ಸೋರಿದರೆ ಜೀವ ಉಳಿಸುವುದು ಇದೊಂದೇ. ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಆ ದಿನವೇ ಬದಲಾಯಿಸಿ. ಅರ್ಥಿಂಗ್ ಗುಂಡಿಯನ್ನೂ ಮರೆಯಬೇಡಿ. ಮುರಕಲ್ಲಿನ ನೆಲ ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ, ವಾರಕ್ಕೆರಡು ಕೊಡಪಾನ ನೀರು ಹೊಯ್ದರೆ ಒಳ್ಳೆಯದು. 230 ವೋಲ್ಟಿನ ಕೆಲಸವನ್ನೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಗೇ ಬಿಡಿ. 12 ವೋಲ್ಟಿನ ಬದಿಯನ್ನು ಕೈಕೆಲಸದಲ್ಲಿ ಆಸಕ್ತಿಯಿರುವ ಮನೆಯವರೇ ಮಾಡಿಕೊಳ್ಳಬಹುದು.

ಇನ್ನು ಕೇಬಲಿನ ದಪ್ಪ. ವೋಲ್ಟೇಜ್ ಕಡಿಮೆಯಿರುವಲ್ಲಿ ವಯರಿನ ಉದ್ದವೇ ದೀಪವನ್ನು ಮಂಕು ಮಾಡಬಲ್ಲದು. ಆರು ವ್ಯಾಟಿನ ಮೂರು ದೀಪ, ಅಂದರೆ 12 ವೋಲ್ಟಿನಲ್ಲಿ ಒಂದೂವರೆ ಆಂಪಿಯರ್. ಕೊಳ 20 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಒಂದು ಚದರ ಮಿಲಿಮೀಟರಿನ ತಾಮ್ರದ ವಯರಿನಲ್ಲಿ ಹೋಗಿಬರುವ 40 ಮೀಟರಿಗೆ ಸುಮಾರು 1.2 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 2.5 ಚದರ ಮಿಲಿಮೀಟರಿನದಾದರೆ ಹೋಗುವುದು ಅರ್ಧ ವೋಲ್ಟಿನಷ್ಟೇ. ಹತ್ತು ಮೀಟರ್ ದಾಟಿದರೆ 2.5ರ ವಯರನ್ನೇ ಹಾಕಿಸಿ. ದೀಪಗಳನ್ನು ಒಂದರ ಬಾಲಕ್ಕೊಂದು ಕಟ್ಟಿದರೆ ಕೊನೆಯದು ಮಂಕಾಗುತ್ತದೆ, ಒಂದು ಜಂಕ್ಷನ್ ಬಾಕ್ಸಿನಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ಎಳೆದರೆ ಎಲ್ಲವೂ ಸಮನಾಗಿ ಉರಿಯುತ್ತವೆ.

ಅಳವಡಿಕೆ

ಕೆಲಸಕ್ಕೆ ತಕ್ಕ ಕಾಲ ದೀಪಾವಳಿಯಿಂದ ಪತ್ತನಾಜೆಯ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆ) ತನಕ. ಮೇ ಕೊನೆಯ ವಾರದ ನಂತರ ಅಗೆದ ಚರಂಡಿಯಲ್ಲಿ ನೀರೇ ನಿಲ್ಲುವುದರಿಂದ ಒಣ ಜಾಯಿಂಟ್ ಮಾಡುವುದು ಕನಸಿನ ಮಾತು.

ಮೊದಲು ಮೇನ್ ಆಫ್ ಮಾಡಿ. ಗೋಡೆಯಿಂದ ಕೊಳದ ತನಕ ಒಂದೂವರೆ ಅಡಿ ಆಳದ ಚರಂಡಿ ತೆಗೆದು, ಐಎಸ್‌ಐ ಗುರುತಿನ ಗಟ್ಟಿ ಪಿವಿಸಿ ಪೈಪು ಹಾಕಿ, ಅದರೊಳಗೆ ಕೇಬಲ್ ಎಳೆಯಿರಿ. ಬರಿಯ ಕೇಬಲನ್ನು ಮಣ್ಣಿನಲ್ಲಿ ಹೂತರೆ ಹೆಗ್ಗಣ ಬಿಡುವುದಿಲ್ಲ, ಅದು ಬಿಟ್ಟರೂ ಮುಂದಿನ ವರ್ಷ ಗಿಡದ ಬುಡ ಬಿಡಿಸುವವರ ಹಾರೆ ಬಿಡುವುದಿಲ್ಲ. ಪೈಪಿಗೆ ಕೊಳದ ಕಡೆಗಲ್ಲದೆ ತಗ್ಗಿನ ಕಡೆಗೆ ತುಸು ಇಳಿಜಾರು ಕೊಟ್ಟು, ಒಳಗೆ ಸೇರಿದ ನೀರು ಹರಿದುಹೋಗಲು ತುದಿಯಲ್ಲಿ ದಾರಿ ಮಾಡಿ. ಮುಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಜಂಕ್ಷನ್ ಬಾಕ್ಸ್ ನೀರಿನ ಮಟ್ಟಕ್ಕಿಂತ ಮೇಲೆ, ಕಟ್ಟೆಯ ಹೊರಬದಿಯಲ್ಲೋ ಹತ್ತಿರದ ಗೋಡೆಯಲ್ಲೋ ಇರಲಿ. ವಾಲ್ವಿನ ಗುಂಡಿಯಲ್ಲಿ ಜಾಗವಿದೆಯೆಂದು ಅಲ್ಲಿಗೆ ತುರುಕಬೇಡಿ. ಕೇಬಲ್‌ಗಳು ಬಾಕ್ಸಿಗೆ ಕೆಳಗಿನಿಂದಲೇ, ಬಿಗಿಯಾದ ಗ್ಲ್ಯಾಂಡಿನ (ತೂತಿನಲ್ಲಿ ಕೇಬಲನ್ನು ಬಿಗಿದು ಹಿಡಿಯುವ ಬಿರಡೆಯ) ಮೂಲಕ ಒಳಹೋಗಬೇಕು, ಹೋಗುವ ಮುನ್ನ ಒಮ್ಮೆ ಕೆಳಗೆ ಜೋತು ಮೇಲೇರಬೇಕು. ಆಗ ಕೇಬಲಿನ ಮೇಲೆ ಹರಿದುಬರುವ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಉಳಿದ ತೂತುಗಳನ್ನೆಲ್ಲ ಮುಚ್ಚಿ, ಇಲ್ಲವಾದರೆ ಎರಡೇ ತಿಂಗಳಲ್ಲಿ ಅದು ಇರುವೆಗೂಡಾಗುತ್ತದೆ.

ಜಾಯಿಂಟ್ ಬಗ್ಗೆ ಸ್ವಲ್ಪ ವಿಸ್ತರಿಸಿಯೇ ಹೇಳಬೇಕು, ಏಕೆಂದರೆ ನಾನು ಪಾಠ ಕಲಿತದ್ದು ಅಲ್ಲಿ. ದೀಪದೊಂದಿಗೆ ಬಂದ ಕೇಬಲ್ ಗಿಡ್ಡವಾಯಿತೆಂದು ನಾನೇ ಇನ್ನೊಂದು ತುಂಡು ಸೇರಿಸಿ, ಇನ್ಸುಲೇಶನ್ ಟೇಪನ್ನು ಐದಾರು ಸುತ್ತು ಬಿಗಿದು, ಆ ಜಾಯಿಂಟನ್ನು ನೀರಿನೊಳಗೇ ಬಿಟ್ಟಿದ್ದೆ. ಜೂನ್ ಮುಗಿಯುವುದರೊಳಗೆ ದೀಪ ಮಂಕಾಗಿ ಆರಿಹೋಯಿತು. ಮೇಲೆತ್ತಿ ನೋಡಿದರೆ ಗಾಜಿನ ಒಳಬದಿಯಲ್ಲಿ ಸಾಸಿವೆ ಕಾಳಿನಷ್ಟು ನೀರಹನಿಗಳು ಸಾಲಾಗಿ ಕುಳಿತಿದ್ದವು. ಐಪಿ 68 ಎಂದು ಬರೆದ ದೀಪದೊಳಗೆ ನೀರು ಹೇಗೆ ಬಂತೆಂದು ನಾನು ರೇಗಿದಾಗ, ಬಂದ ಎಲೆಕ್ಟ್ರಿಷಿಯನ್ ಮಾತಾಡದೆ ಬ್ಲೇಡಿನಿಂದ ಕೇಬಲಿನ ಹೊರಸಿಪ್ಪೆಯನ್ನು ಉದ್ದಕ್ಕೂ ಸೀಳಿದರು. ಟೇಪಿನ ಜಾಯಿಂಟಿನಿಂದ ದೀಪದ ತನಕ, ನಾಲ್ಕಡಿ ಉದ್ದಕ್ಕೂ ತಾಮ್ರದ ಎಳೆಗಳು ಕಪ್ಪುಗಟ್ಟಿ, ಅಲ್ಲಲ್ಲಿ ಹಸಿರು ಪುಡಿ ಹಿಡಿದಿದ್ದವು. “ಇದು ದೀಪದ್ದು ಪ್ರಾಬ್ಲಂ ಅಲ್ಲ ಮಾರಾಯ್ರೆ, ಜಾಯಿಂಟ್‌ದು” ಎಂದರು. ಬತ್ತಿ ಎಣ್ಣೆ ಹೀರಿದಂತೆ ಎಳೆಗಳ ನಡುವಿನ ಸಂದಿಯಲ್ಲಿ ನೀರು ಏರಿ, ಹಿಂಬಾಗಿಲಿನಿಂದ ದೀಪದೊಳಕ್ಕೆ ಹೋಗಿತ್ತು.

ಆದ್ದರಿಂದ ನೀರಿನೊಳಗೆ ಜಾಯಿಂಟ್ ಇರಲೇಬಾರದು. ಕೊಳದ ತಳದಿಂದ ಬಾಕ್ಸಿನ ತನಕ ತುಂಡಾಗದೆ ಬರುವಷ್ಟು ಉದ್ದದ ಕೇಬಲ್ ಇರುವ ದೀಪವನ್ನೇ ಆರಿಸಿ. ಬಾಕ್ಸಿನೊಳಗೂ ತಿರುಚಿ ಟೇಪು ಸುತ್ತುವ ಬದಲು, ಜೆಲ್ ತುಂಬಿದ ಕನೆಕ್ಟರನ್ನೋ, ಒಳಬದಿಗೆ ಅಂಟು ಬಳಿದಿರುವ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆಯನ್ನೋ ಬಳಸಿ.

ದೀಪವನ್ನು ನೀರಿನ ಮೇಲ್ಮೈಯಿಂದ ಸುಮಾರು ಒಂದು ಅಡಿ ಕೆಳಗೆ ಇಡಿ. ಇಂಥ ದೀಪಗಳು ತಂಪಾಗುವುದು ಸುತ್ತಲಿನ ನೀರಿನಿಂದಲೇ, ನೀರಿಲ್ಲದೆ ಉರಿದರೆ ಬಿಸಿಯೇರಿ ಸೀಲು ಹಾಳಾಗುತ್ತದೆ. ಬೇಸಗೆಯಲ್ಲಿ ಕೊಳದ ಮಟ್ಟ ಇಳಿಯುವಾಗ ಇದರ ಮೇಲೆ ಕಣ್ಣಿರಲಿ. ತೀರಾ ತಳದಲ್ಲಿಟ್ಟರೆ ಕೆಸರು ಮುಚ್ಚುತ್ತದೆ. ಗೋಡೆಗೆ ಸ್ಕ್ರೂ ಹೊಡೆದು ಕೂರಿಸುವುದಕ್ಕಿಂತ, ಭಾರವಾದ ಅಡಿಯಿರುವ ದೀಪವನ್ನು ಒಳಗಿನ ಮೆಟ್ಟಿಲಿನ ಮೇಲೋ ಚಪ್ಪಟೆ ಕಲ್ಲಿನ ಮೇಲೋ ಇಡುವುದು ಲೇಸು. ಟಾರ್ಪಾಲಿನ ಹಾಸಿ ಮಾಡಿದ ಕೊಳವಾದರಂತೂ ತೂತಿನ ಮಾತೇ ಬೇಡ, ಕೇಬಲನ್ನು ಅಂಚಿನ ಮೇಲಿನಿಂದ ತಂದು ಕಲ್ಲಿನಡಿ ಮರೆಮಾಡಿ. ಸಿಮೆಂಟಿನ ಕೊಳಕ್ಕೆ ತೂತು ಕೊರೆದು ಮತ್ತೆ ಮೆತ್ತಿದರೆ ಹಸಿ ಸಿಮೆಂಟು ನೀರನ್ನು ಕ್ಷಾರೀಯವಾಗಿಸುತ್ತದೆ, ಮೀನನ್ನು ಬೇರೆ ತೊಟ್ಟಿಗೆ ಹಾಕದೆ ಆ ಕೆಲಸಕ್ಕಿಳಿಯಬಾರದು. ಯಾವ ವಿಧಾನವಾದರೂ ನಾಲ್ಕೈದು ಅಡಿ ಹೆಚ್ಚುವರಿ ಕೇಬಲನ್ನು ಸುರುಳಿ ಸುತ್ತಿ ಬಿಟ್ಟಿರಿ. ನಾಳೆ ದೀಪವನ್ನು ದಂಡೆಗೆ ಎತ್ತಿ ಒರೆಸಲು ಕೊಳ ಬರಿದು ಮಾಡಬೇಕಾಗುವುದಿಲ್ಲ.

ದಂಡೆಯ ದೀಪಗಳನ್ನು ನೆಲಕ್ಕೆ ಹತ್ತಿರವಾಗಿ, ಕಲ್ಲನ್ನು ಸವರಿಕೊಂಡು ಬೆಳಕು ಹೋಗುವಂತೆ ಇಟ್ಟರೆ ಮುರಕಲ್ಲಿನ ತೂತು ತೂತಾದ ಮೈ ಎದ್ದು ಕಾಣುತ್ತದೆ. ಎದುರಿನಿಂದ ಹಾಕಿದರೆ ಅದೇ ಗೋಡೆ ಸಪಾಟಾಗುತ್ತದೆ.

ಎಲ್ಲ ಜೋಡಿಸಿದ ಮೇಲೆ, ಚರಂಡಿ ಮುಚ್ಚುವ ಮೊದಲೇ, ಎರಡು ಮೂರು ರಾತ್ರಿ ಉರಿಸಿ ನೋಡಿ. ಕೊನೆಯ ದೀಪದ ಬಳಿ ವೋಲ್ಟೇಜ್ ಅಳೆಸಿ, ಗಾಜಿನೊಳಗೆ ಮಂಜು ಕಟ್ಟಿದೆಯೇ ಪರೀಕ್ಷಿಸಿ. ನೀರಿಗೆ ಕೈ ಹಾಕುವಾಗಲೆಲ್ಲ ಪಂಪಿನ ಸ್ವಿಚ್ಚನ್ನಷ್ಟೇ ಆಫ್ ಮಾಡದೆ ಪ್ಲಗ್ಗನ್ನೇ ಕೀಳಿ.

ಉರಿಸುವ ಹೊತ್ತು, ಒರೆಸುವ ಕ್ರಮ

ಟೈಮರ್ ಒಂದು ಇರಲಿ. ಸಂಜೆ ಆರೂವರೆಗೆ, ಇನ್ನೂ ಸ್ವಲ್ಪ ಬೆಳಕಿರುವಾಗಲೇ ದೀಪ ಹೊತ್ತಿಕೊಳ್ಳಲಿ. ಪೂರ್ತಿ ಕತ್ತಲಾದ ಮೇಲೆ ಒಮ್ಮೆಲೇ ಹೊತ್ತಿಸಿದರೆ ಮೀನು ಬೆದರಿ ಗೋಡೆಗೆ ಬಡಿದುಕೊಳ್ಳುತ್ತದೆ, ಕೋಯಿಯಾದರೆ ಹೊರಗೆ ಹಾರಿಬಿಡುವುದೂ ಉಂಟು. ಹತ್ತು ಗಂಟೆಗೆ ಆರಲಿ. ರಾತ್ರಿಯಿಡೀ ಬೆಳಕಿದ್ದರೆ ಮೀನಿಗೆ ವಿಶ್ರಾಂತಿಯಿಲ್ಲ, ಪಾಚಿಗೂ ನೆವ ಸಿಗುತ್ತದೆ. ಪಾಚಿಯನ್ನು ಮುಖ್ಯವಾಗಿ ಸಾಕುವುದು ಬಿಸಿಲು ಮತ್ತು ನಾವು ಹೆಚ್ಚಾಗಿ ಹಾಕುವ ಆಹಾರವೇ ಆದರೂ, ದೀಪದ ಗಾಜಿನ ಮೇಲೆ ಅದು ಮೊದಲು ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ದೀಪವನ್ನು ಎತ್ತಿ ಮೆತ್ತನೆಯ ಬಟ್ಟೆಯಿಂದ ಒರೆಸಿ. ಸೋಪು, ಸಬೀನ ಇವುಗಳ ಸೋಂಕೂ ಬೇಡ.

ಅಂಗಳದ ಕೆಂಪುನೀರು ಕೊಳಕ್ಕೆ ಇಳಿದ ದಿನ ಒಳಗಿನ ದೀಪ ಹಾಕಿದರೆ ಕಾಣುವುದು ಮೀನಲ್ಲ, ಹೊಳೆಯುವ ಮಣ್ಣಿನ ಕಣಗಳ ಮಬ್ಬು. ಅಂಥ ದಿನಗಳಿಗೆಂದೇ ಒಳಗಿನ ದೀಪಕ್ಕೂ ದಂಡೆಯ ದೀಪಕ್ಕೂ ಬೇರೆ ಬೇರೆ ಸ್ವಿಚ್ ಇಡಿಸಿಕೊಳ್ಳಿ. ನಾನಂತೂ ಜೂನಿನಿಂದ ಸೆಪ್ಟೆಂಬರ್ ತನಕ ಒಳಗಿನದನ್ನು ಮುಟ್ಟುವುದೇ ಇಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲೂ ಅಕ್ಟೋಬರಿನಲ್ಲೂ ಸಿಡಿಲಬ್ಬರ ಜೋರಾಗಿರುವುದರಿಂದ, ದೂರದಲ್ಲಿ ಗುಡುಗು ಕೇಳಿದೊಡನೆ ಟ್ರಾನ್ಸ್‌ಫಾರ್ಮರಿನ ಪ್ಲಗ್ ತೆಗೆದುಬಿಡಿ. ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಇದ್ದರೂ ಈ ಅಭ್ಯಾಸ ಬಿಡಬೇಡಿ. ಕರೆಂಟು ಹೋದ ರಾತ್ರಿ ಇನ್ವರ್ಟರಿನಲ್ಲಿ ಮಿಕ್ಕ ಶಕ್ತಿಯಿದ್ದರೆ ಅದನ್ನು ದೀಪಕ್ಕಲ್ಲ, ನೀರಿಗೆ ಗಾಳಿಯೂದುವ ಏರ್ ಪಂಪಿಗೆ ಕೊಡಿ.